ಬ್ರೇಕಿನ ಮೇಲೆ ಯಾರ ಕಾಲು

ಜಾರ್ಜಿಯಾದ ಆ ಹತ್ತಿಗಿರಣಿ ಕೇರಿಯಲ್ಲಿ ವೆರ್ಲನ್ ಟ್ಯಾಡ್ಲಾಕ್‌ನ ಕಿವಿಗೆ ಇಪ್ಪತ್ತು ವರ್ಷ ಮರ್ಯಾದೆಯಿತ್ತು. ಬಾನೆಟ್ ಎತ್ತಿ, ತಲೆ ಓರೆ ಮಾಡಿ ಆಲಿಸಿ, ಕಾರ್ಬ್ಯುರೇಟರಿನ ಸ್ಕ್ರೂ ಕಾಲು ಸುತ್ತು ತಿರುಗಿಸಿದರೆ ಸಾಕು, ಎಂಜಿನ್ ಕೆಮ್ಮು ಬಿಡುತ್ತಿತ್ತು. ಮುಷ್ಕರಕ್ಕೆ ಇಳಿದನೆಂದು ಗಿರಣಿಯವರು ಹೊರದಬ್ಬಿದಾಗ ಹೊಟ್ಟೆ ಹೊರೆದದ್ದೂ ಆ ಕಿವಿಯೇ.

ಎಪ್ಪತ್ತಮೂರರ ಬೇಸಿಗೆಯಲ್ಲಿ ಅವನ ನಾದಿನಿ ಒನೈಡಾ ಅಂಚೆಯಲ್ಲಿ ಒಂದು ಗೇಜು ತರಿಸಿದಳು. ಮಗ್ಗ ರಿಪೇರಿಯಲ್ಲಿ ಪಳಗಿದ ಕೈ ಅವಳದು. ಎಂಜಿನ್ ಎಷ್ಟು ಜೋರಾಗಿ ಉಸಿರೆಳೆಯುತ್ತದೆಂದು ಗೇಜಿನ ಮುಳ್ಳು ಹೇಳುತ್ತಿತ್ತು. ಕಾರ್ಬ್ಯುರೇಟರಿನೊಳಗೆ ನಾಣ್ಯದಷ್ಟು ದೊಡ್ಡ ಕವಾಟವೊಂದಿದೆ. ಅದರ ಮೇಲೊಂದು ನಂಬರು. ಉಸಿರಿನ ಎಳೆತ ಆ ನಂಬರಿಗಿಂತ ಕೆಳಗಿಳಿದರೆ ಕವಾಟ ತೆರೆದು ಹೆಚ್ಚಿನ ಪೆಟ್ರೋಲು ಸುರಿಯುತ್ತದೆ. ಓಟದಲ್ಲಿ ಅದು ಬೇಕು. ನಿಂತಲ್ಲೇ ತೆರೆದುಕೊಂಡರೆ ಎಂಜಿನ್ ಪೆಟ್ರೋಲಿನಲ್ಲೇ ಮುಳುಗುತ್ತದೆ.

"ಮುಳ್ಳು ತೋರ್ಸಿದ್ರಲ್ಲಿ ಅರ್ಧದ ಕವಾಟ ಹಾಕಿ, ಅಷ್ಟೇ" ಎನ್ನುತ್ತಿದ್ದಳು. ಕೇರಿಯ ಕಾರುಗಳೆಲ್ಲ ಅವಳ ಜಗಲಿ ಮುಂದೆ ಸಾಲು ನಿಂತವು.

ವೆರ್ಲನ್‌ನ ಹೊಟ್ಟೆ ಉರಿಯಿತು. ಹೆಂಡತಿಯ ಹೆಸರಿನಲ್ಲಿ ಅಂಥದೇ ಗೇಜು ತರಿಸಿ, ಶೆಡ್ಡಿನ ಹಿಂದೆ ಒಬ್ಬನೇ ಕದ್ದು ನೋಡಿದ. ಹನ್ನೊಂದು. ಐದೂವರೆಯ ಕವಾಟ ಹಾಕಿದ.

ಶನಿವಾರದ ಕಾರ್ ರೇಸಿನಲ್ಲಿ ಅವನ ಎದುರಾಳಿ ಹಾಯ್ಟ್ ಎಂಬವನು. ಹಾಯ್ಟ್‌ನ ಕಾರನ್ನು ಹದ ಮಾಡಿಕೊಟ್ಟವಳು ಒನೈಡಾ. ಸೋತರೆ ಕಿವಿಯ ಕಥೆ ಮುಗಿದಂತೆ. ಆದರೆ ಪ್ರಾಕ್ಟೀಸಿನಲ್ಲಿ ಹೊರಡುವ ಗೆರೆಯಲ್ಲೇ ವೆರ್ಲನ್‌ನ ಕಾರು ಕಪ್ಪು ಹೊಗೆ ಕಾರಿ ಸತ್ತುಹೋಯಿತು. ಬೇಲಿಯಾಚೆ ಬೇಯಿಸಿದ ಕಡಲೆಕಾಯಿ ಸುಲಿಯುತ್ತಿದ್ದವರು ಗೊಳ್ಳೆಂದು ನಕ್ಕರು.

ತುಟಿಯೊಳಗೆ ನಶ್ಯ ಒತ್ತಿಕೊಂಡು ಒನೈಡಾ ಬಂದಳು.

"ಏನ್ ಭಾವ, ಹಸಿ ಸೌದೆ ಹಾಕಿದೀಯಾ?"

"ಕಿವಿ ಹೇಳ್ದಂಗೆ ಮಾಡಿದೀನಿ. ನಿನ್ ಕೆಲ್ಸ ನೋಡ್ಕೋ ಹೋಗು."

"ಕಿವಿ ಎಷ್ಟಂತು? ಹತ್ತಾ, ಹನ್ನೊಂದಾ?"

ಅವನ ಮುಖ ಕೆಂಪಾಯಿತು.

"ಅಕ್ಕನ ಹೆಸರಿಗೆ ಬಂದ ಡಬ್ಬಿನ ಪೋಸ್ಟಾಫೀಸಿಂದ ಹೊತ್ಕೊಂಡ್ ಬಂದೋಳು ನಾನೇ ಭಾವ. ಅದಿರ್ಲಿ, ಗೇರ್ ಹಾಕಿ ನೋಡಿದ್ಯಾ? ಬ್ರೇಕ್ ಮೇಲೆ ಯಾರ ಕಾಲಿತ್ತು?"

ಯಾರ ಕಾಲೂ ಇರಲಿಲ್ಲ. ಅವನ ಕಾರಿನದು ಆಟೊಮ್ಯಾಟಿಕ್ ಗೇರು. ಗೇರ್ ಹಾಕಿ ನಿಲ್ಲಿಸಿದರೆ ಎಂಜಿನ್ ಮೇಲೆ ಭಾರ ಬಿದ್ದು ಎಳೆತ ಕುಸಿಯುತ್ತದೆ. ಗೆರೆಯಲ್ಲಿ ನಿಲ್ಲುವುದೂ ಹಾಗೆಯೇ. ಅದನ್ನು ಅಳೆಯಲು ಇನ್ನೊಬ್ಬರು ಬ್ರೇಕ್ ಒತ್ತಿ ಕೂತಿರಬೇಕು. ಯಾರನ್ನಾದರೂ ಕರೆದಿದ್ದರೆ ಗುಟ್ಟು ರಟ್ಟಾಗುತ್ತಿತ್ತು.

ರೇಸಿಗೆ ಇನ್ನೊಂದು ಗಂಟೆ. ವೆರ್ಲನ್ ಹಲ್ಲು ಕಚ್ಚಿ ಕಾರಿನ ಬಾಗಿಲು ತೆಗೆದ. "ಕೂತ್ಕೋ."

ಅವಳು ಬ್ರೇಕ್ ಒತ್ತಿ ಗೇರ್ ಹಾಕಿದಳು. ವೆರ್ಲನ್ ಹಿಡಿದ ಗೇಜಿನ ಮುಳ್ಳು ಐದಕ್ಕೆ ಬಿತ್ತು. ಐದೂವರೆಯ ಕವಾಟ ನಿಂತಲ್ಲೇ ಬಾಯಿ ಬಿಟ್ಟುಕೊಂಡಿತ್ತು! ಒನೈಡಾ ನಶ್ಯದ ಹಳೇ ಡಬ್ಬಿಯಿಂದ ಎರಡೂವರೆಯದನ್ನು ತೆಗೆದಳು.

"ಕೊಡಿಲ್ಲಿ, ನಾನೇ ಹಾಕ್ತೀನಿ" ಎಂದು ಕಿತ್ತುಕೊಂಡ.

ಈ ಸಲ ಹೊಗೆ ಬರಲಿಲ್ಲ. ಹಾಯ್ಟ್‌ನನ್ನು ಅರ್ಧ ಕಾರಿನಷ್ಟು ಹಿಂದೆ ಹಾಕಿ ಗೆದ್ದ. ಹೇಗೆ ಸರಿಮಾಡಿದೆ ಎಂದು ಜನ ಮುತ್ತಿದರು.

"ಗೇಜು ನಂದು, ಓದಿದ್ದೂ ನಾನೇ" ಎಂದ ವೆರ್ಲನ್.

ಒನೈಡಾ ಪಿಚಕ್ಕನೆ ಉಗಿದಳು. "ಕಾಲು ಯಾರ್ದು ಅಂತ ಕೇಳ್ರೋ!"

ಎಲ್ಲರೂ ನಕ್ಕರು, ಅವನೊಬ್ಬನನ್ನು ಬಿಟ್ಟು. ಗೆದ್ದ ಕಾರೂ ಅವಳದೇ ಕೈಚಳಕ, ಸೋತ ಕಾರೂ ಅವಳದೇ.

ಸೋಮವಾರ ಬೆಳಿಗ್ಗೆ ಅವನು ಹೆಂಡತಿಯನ್ನು ಕಾರಿನಲ್ಲಿ ಕೂರಿಸಿ ಬ್ರೇಕ್ ಒತ್ತುವುದನ್ನು ಕಲಿಸಿದ. "ನಿನ್ ತಂಗಿಗೆ ಹೇಳ್ಬೇಡ" ಎಂದ.