ಬಣ್ಣ ಹಚ್ಚದ ಕಿರುಬೆರಳು

ಆಯಿಯ ಬೆರಳುಗಳು ವರ್ಷವಿಡೀ ಮದರಂಗಿಯಿಂದ ಕೆಂಪಗಿರುತ್ತಿದ್ದವು, ಎಡಗೈಯ ಕಿರುಬೆರಳೊಂದನ್ನು ಬಿಟ್ಟು. ಎಲೆ ರುಬ್ಬುವಾಗಲೂ ಮುಳ್ಳು ಚುಚ್ಚಿದವರ ಹಾಗೆ ಅದನ್ನು ಎತ್ತಿ ಹಿಡಿದಿರುತ್ತಿದ್ದರು. ಆ ಬೆರಳಿಗೇನು ಮಡಿಯೇ ಎಂದು ನಾವು ಕೀಟಲೆ ಮಾಡುತ್ತಿದ್ದೆವು.

ಭಾಗ್ಯನಗರದಲ್ಲಿ ನನ್ನ ತವರಿನ ಪಕ್ಕದ ಮನೆ ಅವರದು. ಪಂಚಮಿ ಇರಲಿ, ಮದುವೆ ಇರಲಿ, ಓಣಿಯ ಹೆಣ್ಣುಮಕ್ಕಳೆಲ್ಲ ಅವರ ಕಟ್ಟೆಯ ಮೇಲೆ ಕೈ ಚಾಚಿ ಕೂಡುತ್ತಿದ್ದೆವು. ಅಂಗಡಿಯ ಕೋನ್ ತಂದರೆ ಮೂಸಿ ನೋಡಿ ಪಕ್ಕಕ್ಕಿಡುತ್ತಿದ್ದರು. ಹಿತ್ತಲಿನ ಗಿಡದ ಎಲೆ, ನಿಂಬೆರಸ, ಚಹಾದ ಡಿಕಾಕ್ಷನ್, ಇಷ್ಟೇ ಅವರ ಸಾಮಾನು. ಕೆಂಪಗೆ ಹತ್ತಿದರೆ ಗಂಡನ ಪ್ರೀತಿ ಹೆಚ್ಚು ಎಂದು ಯಾರಾದರೂ ಅಂದರೆ, "ಎಲಿ ಛಲೋ ಇದ್ರ ಬಣ್ಣ ಹತ್ತತೈತಿ, ಅದರಾಗ ಗಂಡಂದೇನೈತಿ" ಎನ್ನುತ್ತಿದ್ದರು.

ಬಸುರಿನ ಏಳನೇ ತಿಂಗಳಲ್ಲಿ ನನ್ನ ಕುಬಸವಾಯಿತು. ಆಯಿ ಉಳಿದೆಲ್ಲ ಉಗುರಿಗೆ ಹಚ್ಚಿ, ಕಿರುಬೆರಳೊಂದನ್ನು ಬಿಟ್ಟು ಕಡ್ಡಿ ಕೆಳಗಿಟ್ಟರು. ಕುಷ್ಟಗಿಯಿಂದ ಬಂದಿದ್ದ ನನ್ನ ಅತ್ತೆ, ಬಸುರಿಯ ಬೆರಳು ಬೋಳು ಬಿಡಬಾರದೆಂದು ಮುಖ ಸಿಂಡರಿಸಿದರು. ಆಯಿ ಜಗ್ಗಲಿಲ್ಲ. ಅತ್ತೆ ಊಟಕ್ಕೆ ಎದ್ದ ಮೇಲೆ ನನಗಷ್ಟೇ ಹೇಳಿದರು.

"ನನ್ನ ಮಗಳ ಕುಬಸಕ್ಕ ಹತ್ತೂ ಬೆರಳಿಗೆ ನಾನ ಹಚ್ಚಿದ್ದೆ. ಹಡದ ಮ್ಯಾಲ ಒಳಗಿಂದೊಳಗ ರಕ್ತ ಹೊಂಟಿತ್ತು. ಉಗುರು ನೋಡಿದ್ನಿ, ಕೆಂಪಗ ಇದ್ವು. ಅದು ಮದರಂಗಿ ಕೆಂಪು ಅಂತ ಹೊಳೀಲಿಲ್ಲ, ಆರಾಮ ಅದಾಳ ಅಂತ ಸುಮ್ನ ಕುಂತೆ. ನಾ ಕೈ ಹಿಡಕೊಂಡಿದ್ದಾಂಗ ಹೋಗಿಬಿಟ್ಲು."

ಅಂದೇ ನನ್ನೊಳಗೆ ಹೆದರಿಕೆ ಹೊಕ್ಕಿತು. ಅಂಗೈಯ ಬಣ್ಣ ಮಾಸಿತು, ಉಗುರಿನದು ಹೋಗಲಿಲ್ಲ. ಊಟಕ್ಕೆ ಕೂತಾಗ, ತಲೆ ಬಾಚಿಕೊಳ್ಳುವಾಗ, ಆಯಿ ತೋರಿಸಿಕೊಟ್ಟ ಹಾಗೆ ಕಿರುಬೆರಳಿನ ಉಗುರು ಒತ್ತಿ ಬಿಡುತ್ತಿದ್ದೆ. ಬೆಳ್ಳಗಾದದ್ದು ಮತ್ತೆ ಕೆಂಪೇರುವವರೆಗೆ ಉಸಿರು ಹಿಡಿದಿರುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಅದೇ ನಿಜವಾದೀತೆಂಬ ಭಯ.

ಕೊಪ್ಪಳದ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ಅವ್ವ ಕೂಸನ್ನೆತ್ತಿಕೊಂಡು ಹಿಗ್ಗುತ್ತಿದ್ದಳು. ಆಯಿ ಕೂಸಿನ ಕಡೆ ನೋಡಲೇ ಇಲ್ಲ. ನನ್ನ ಪಕ್ಕ ಕೂತು ಕಿರುಬೆರಳು ಒತ್ತುತ್ತಿದ್ದರು. ನನಗೆ ಚಳಿ ಹತ್ತಿತು, ಕಣ್ಣುಗಳು ತಾವಾಗಿಯೇ ಮುಚ್ಚುತ್ತಿದ್ದವು. ಅವರು ಮತ್ತೊಮ್ಮೆ ಒತ್ತಿದರು. ಉಗುರು ಬೆಳ್ಳಗಾಯಿತು, ಹಾಗೇ ಉಳಿಯಿತು. ಆಯಿ ಬರಿಗಾಲಲ್ಲಿ ಹೊರಗೆ ಓಡಿದ್ದು, ನರ್ಸು ಹೊದಿಕೆ ತೆಗೆದು ಡಾಕ್ಟರನ್ನು ಕೂಗಿದ್ದು, ಇಷ್ಟೇ ನೆನಪು. ಎಚ್ಚರವಾದಾಗ ಯಾರದೋ ರಕ್ತ ನನ್ನ ತೋಳಿಗೆ ಇಳಿಯುತ್ತಿತ್ತು. ಆಯಿ ಬೆರಳು ಬಿಟ್ಟಿರಲಿಲ್ಲ.

"ಬಣ್ಣ ಬಂತು ನೋಡವ್ವ," ಅಂದರು.

ಹೋದ ಬೇಸಿಗೆಯಲ್ಲಿ ಆಯಿ ಹಾಸಿಗೆ ಹಿಡಿದರು. ನಾನು ಹೋದಾಗ, ಈಗಷ್ಟೇ ನಿದ್ದೆ ಹತ್ತಿದೆ ಎಂದು ಅವರ ಸೊಸೆ ಹೇಳಿದಳು. ಚಾದರದ ಮೇಲಿದ್ದ ಬೆರಳುಗಳು ಎಂದಿನಂತೆ ಕೆಂಪಗಿದ್ದವು. ಅವನ್ನು ನೋಡಿ ನಾನೂ ಸುಮ್ಮನೆ ಕೂರಬಹುದಿತ್ತು. ಹೆದರುತ್ತಲೇ ಎಡಗೈಯ ಕಿರುಬೆರಳು ಹಿಡಿದು ಉಗುರು ಒತ್ತಿದೆ, ಬಿಟ್ಟೆ. ಕೆಂಪು ಮರಳಿ ಬರುತ್ತದೆಂದು ಬಹಳ ಹೊತ್ತು ಕಾದೆ.