ಹನ್ನೆರಡರಲ್ಲಿ ದೇವರ ಹಾಡು ಒಂದೂ ಇಲ್ಲ

ನಮ್ಮ ಆರ್ಡೆಲ್ ದೊಡ್ಡಮ್ಮನ ಬಾಯಿಗೆ ಮೆಂಫಿಸ್‌ನ ನಮ್ಮ ಚರ್ಚಿನಲ್ಲಿ ಪಾದ್ರಿಯೂ ಹೆದರುತ್ತಿದ್ದರು. ಮೂವತ್ತು ವರ್ಷ ಅಲ್ಲಿ ಹಾಡು ಕಲಿಸಿದವಳು. ಈಗ ಊರೆಲ್ಲ ಕೇಳುವ ಹಾಡುಗಾರ ಲೂಷಿಯಸ್ ಟ್ರೆಂಟ್‌ಗೆ ಚಿಕ್ಕಂದಿನಲ್ಲಿ ಉಸಿರು ಹಿಡಿಯುವುದನ್ನು ಹೇಳಿಕೊಟ್ಟವಳೂ ಇವಳೇ. ಅವನು ಚರ್ಚು ಬಿಟ್ಟು ಪ್ರೇಮ, ಕುಣಿತ ಅಂತ 'ಸೋಲ್' ಅನ್ನೋ ಸಂಗೀತ ಹಾಡಲು ಹೋದಾಗ ಜನ ಆಡಿಕೊಂಡಿದ್ದು ಇವಳನ್ನೇ.

"ಪ್ರತಿ ರೆಕಾರ್ಡಿನ ಕೊನೇ ಹಾಡು ದೇವರದ್ದೇ ಅಂತ ನಂಗೆ ಮಾತು ಕೊಟ್ಟಿದಾನೆ. ಎಷ್ಟು ಚೆನ್ನಾಗಿ ಹಾಡಿದಾನೆ, ಕೇಳಿ ಬೇಕಾದ್ರೆ!" ಅನ್ನುತ್ತಿದ್ದಳು. ಒಂಬತ್ತು ರೆಕಾರ್ಡಿನಲ್ಲೂ ಆ ಮಾತು ನಿಂತಿತ್ತು. ಪುಣ್ಯಾತ್ಗಿತ್ತಿ ಗ್ರಾಮಾಫೋನಿನ ಮುಳ್ಳನ್ನು ಸೀದಾ ಕೊನೆಯ ಹಾಡಿನ ಮೇಲೇ ಇಡುತ್ತಿದ್ದಳು. ಮಿಕ್ಕದ್ದು ರೇಡಿಯೋದಲ್ಲಿ ಬಂದರೆ ಪಟ್ಟಂತ ಆರಿಸುತ್ತಿದ್ದಳು. ಹದಿನೈದು ವರ್ಷ ತಲೆ ಎತ್ತಿ ಓಡಾಡಿದ್ದು ಅದೊಂದು ಮಾತಿನ ಬಲದಿಂದ.

ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ ಅವನ ಹಿಟ್ ಹಾಡುಗಳನ್ನೆಲ್ಲ ಸೇರಿಸಿದ ರೆಕಾರ್ಡು ಬಂತು. ಶನಿವಾರ ಬೆಳಿಗ್ಗೆ ದೊಡ್ಡಮ್ಮ ನನ್ನ ಪಾರ್ಲರಿನಲ್ಲಿ ಕೂತಿದ್ದಳು. ಒಲೆಯ ಮೇಲೆ ಕಾಯಿಸಿದ ಬಾಚಣಿಗೆ ಹಿಡಿದು ಅವಳ ಗುಂಗುರು ಕೂದಲನ್ನು ಅರ್ಧ ತಲೆಯಷ್ಟು ನೆಟ್ಟಗೆ ಮಾಡಿದ್ದೆ. ಅಷ್ಟರಲ್ಲಿ ಅದೇ ಚರ್ಚಿನ ಹ್ಯಾಟಿ ಬಂದಳು.

"ತಗೋಳಮ್ಮ, ನಿನ್ನ ಶಿಷ್ಯಂದು. ಹನ್ನೆರಡು ಹಾಡಿವೆ. ದೇವರದ್ದು ಎಲ್ಲಿದೆ, ತೋರ್ಸು ನೋಡೋಣ!"

ದೊಡ್ಡಮ್ಮ ಎರಡೂ ಬದಿ ಓದಿದಳು. ಮುಖ ಬಾಡಿಹೋಯಿತು.

"ದೇವರ ಹಾಡು ಹಿಟ್ ಆಗ್ಲಿಲ್ವಲ್ಲ, ದೊಡ್ಡಮ್ಮ," ಅಂದೆ.

"ಸುಮ್ನಿರೇ! ಹಾಕು ಅದನ್ನ."

ಕೂರು ಅಂದರೆ ಕೂರಲೊಲ್ಲಳು. ಬಾಗಿಲಿಂದ ಒಲೆಗೆ, ಒಲೆಯಿಂದ ಬಾಗಿಲಿಗೆ ಸುತ್ತಿದಳು. ಮೊದಲ ಹಾಡಿಗೆ, "ಅವಸರ ಇವನಿಗೆ!" ಎರಡನೆಯದಕ್ಕೆ, "ಇದನ್ನ ಯಾವ ಕಿವುಡ ಹಿಟ್ ಮಾಡಿದ್ನೋ! ಬರೀ ಪಿಟೀಲು." ಮೂರನೆಯದಕ್ಕೆ, "ಪರವಾಗಿಲ್ಲ."

ನಾಲ್ಕನೆಯದರಲ್ಲಿ ಅವನು ತನ್ನನ್ನು ಬಿಟ್ಟು ಹೊರಟ ಹೆಂಗಸನ್ನು ಬಾಗಿಲು ಹಾಕಬೇಡ ಅಂತ ಬೇಡಿಕೊಳ್ಳುತ್ತಾನೆ. ದೊಡ್ಡಮ್ಮ ನಿಂತುಬಿಟ್ಟಳು.

"ಇನ್ನೊಂದ್ಸಲ ಹಾಕು."

ಮೂರು ಸಲ ಹಾಕಿಸಿದಳು. ಕಣ್ಣು ತುಂಬಿತ್ತು. "ಸ್ವರ ಹಾಗೆ ತಡೆದು ನಿಲ್ಸೋದು ನಾನು ಕಲಿಸಿದ್ದು ಕಣೇ. ದೇವರ ಹಾಡಲ್ಲಿ ಒಂದ್ಸಲನೂ ಹೀಗೆ ಹಾಡ್ಲಿಲ್ಲ, ಪಾಪಿ!"

ಅವನ ಮನೆಗೆ ಫೋನ್ ಮಾಡಿಸಿದಳು. ಎತ್ತಿದವನು ಅವನೇ; ಗಾಬರಿಯಲ್ಲಿ ಅವನು ಕಿರುಚಿದ್ದು ನಮಗೂ ಕೇಳಿತು. "ಅಮ್ಮಾ, ಎಷ್ಟು ಬೇಡ್ಕೊಂಡ್ರೂ ಕಂಪನಿಯವ್ರು ದೇವರ ಹಾಡು ಹಾಕ್ಲಿಲ್ಲ. ನನ್ನಾಣೆಗೂ!"

"ಒಳ್ಳೇದಾಯ್ತು ಬಿಡು. ಅವನ್ನೆಲ್ಲ ನನಗೆ ಹೆದರಿ ಪಾಠ ಒಪ್ಪಿಸಿದ ಹಾಗೆ ಹಾಡಿದೀಯ. ಇವತ್ತು ನಾಲ್ಕನೇದು ಕೇಳ್ದೆ. ಸಂಜೆ ಎಲ್ಲಿ ಹಾಡ್ತೀಯ?"

"ಅಮ್ಮಾ, ಅದು... ಕುಡಿಯೋರು ಬರೋ ಜಾಗ."

"ನಾನೇನು ಕುಡಿಯೋಕೆ ಬರ್ತೀನಾ? ಮುಂದಿನ ಸಾಲಲ್ಲಿ ಕುರ್ಚಿ ಹಾಕ್ಸು."

ಹ್ಯಾಟಿ ಬಿಟ್ಟ ಬಾಯಿ ಮುಚ್ಚಲಿಲ್ಲ. "ನಾಳೆ ಚರ್ಚಲ್ಲಿ ಏನಂತ ಮುಖ ತೋರಿಸ್ತೀಯೇ?"

ದೊಡ್ಡಮ್ಮ ಕಣ್ಣೊರೆಸಿಕೊಂಡಳು. "ಹದಿನೈದು ವರ್ಷ ನಿಮ್ಮೆಲ್ಲರ ಮುಂದೆ ಸುಳ್ಳು ಹೇಳಿದ್ದೆ ಅಂತೀನಿ. ಅವನ ದೇವರ ಹಾಡುಗಳು ಚೆನ್ನಾಗಿವೆ ಅಂತ."