ಹುಲ್ಲಕ್ಕನ ನೀಲಿ ಬಟ್ಟೆ

ಬೆಳಗಿನ ಐದೂವರೆ. ಹುಲ್ಲು ಕತ್ತರಿಸುವ ಯಂತ್ರ ಹೆಗಲೇರಿದೆ, ಆದರೆ ಇನ್ನೂ ಚಾಲೂ ಆಗಿಲ್ಲ. ಮೊದಲು ಕೋಲಿನಿಂದ ಹುಲ್ಲು ಸವರುತ್ತ ರಸ್ತೆಯಂಚಿನಲ್ಲಿ ನಡೆಯುವುದು ಇವರ ಪದ್ಧತಿ. ಪುರ್ರೆಂದು ಹಕ್ಕಿ ಎದ್ದರೆ ಬಗ್ಗಿ ಗೂಡು ಹುಡುಕಿ, ಪಕ್ಕದಲ್ಲೊಂದು ಕಡ್ಡಿ ನೆಟ್ಟು ನೀಲಿ ಬಟ್ಟೆ ಕಟ್ಟುತ್ತಾರೆ. ಎಲ್ಲರ ಬಾಯಲ್ಲೂ ಇವರು ಹುಲ್ಲಕ್ಕ. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತು.

ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸ. ಎಂಟು ಕಿಲೋ ಯಂತ್ರ ಹೊತ್ತು ದಿನಕ್ಕೆ ಎರಡು ಕಿಲೋಮೀಟರು. ಸಂಜೆ ಕೈಯ ನಡುಕ ನಿಲ್ಲುವುದಿಲ್ಲ. "ನಮ್ಮೆಜಮಾನ್ರು ಅರ್ಧ ಲೋಟ ಚಹಾನೇ ಕೊಡೋದು. ಪೂರ್ತಿ ಕೊಟ್ರೆ ನೆಲಕ್ಕೆ ಕುಡಿಸ್ತೀಯ ಅಂತಾರೆ!"

ಹೋದ ಬೇಸಗೆಯಲ್ಲಿ ಗೂಡಿಗೆ ಕಟ್ಟಿದ್ದು ಕೆಂಪು ಬಟ್ಟೆ. ಈ ಕಸುಬಿನಲ್ಲಿ ಕೆಂಪೆಂದರೆ 'ಕಲ್ಲಿದೆ, ಕುಡುಗೋಲಿನಿಂದ ಕೊಯ್ಯಿ' ಎಂದರ್ಥ. ಕುಡುಗೋಲು ಹಿಡಿದು ಬೆನ್ನಹಿಂದೆ ಬರುತ್ತಿದ್ದ ನಾದಿನಿ ಬಲು ನಿಷ್ಠೆಯಿಂದ ಬುಡದವರೆಗೂ ಕೊಯ್ದಳು. ಬಟಾಬಯಲಾದ ಗೂಡನ್ನು ಕಾಗೆಗಳು ಖಾಲಿ ಮಾಡಿದವು. "ಅವಳದ್ದೇನು ತಪ್ಪು? ಬುದ್ಧಿ ಇಲ್ದೋಳು ನಾನು. ಎರಡು ದಿನ ಊಟ ಸೇರ್ಲಿಲ್ಲ." ಅಂದೇ ಗಂಡನ ಹಳೆಯ ನೀಲಿ ಅಂಗಿಗೆ ಕತ್ತರಿ ಬಿತ್ತು.

ಈ ಬೇಸಗೆಯ ಆರಂಭಕ್ಕೇ ರಸ್ತೆಯುದ್ದಕ್ಕೂ ಹನ್ನೊಂದು ಹುಲ್ಲಿನ ಜುಟ್ಟುಗಳು ಉಳಿದವು. ಕೆಲವುಗಳಲ್ಲಿ ಗೂಡು, ಕೆಲವುಗಳಲ್ಲಿ ಚಿಟ್ಟೆಯಾಗಲಿರುವ ಹುಳ. ಮೇಲ್ವಿಚಾರಕ ಸಾಹೇಬರಿಗೆ ಉರಿದುಹೋಯಿತು. "ಇದೇನು ಅರೆಬರೆ ಕ್ಷೌರ? ಸೋಮವಾರದೊಳಗೆ ಬೋಳಿಸದಿದ್ರೆ ನಿಮ್ಮನ್ನ ಉಗ್ರಾಣದ ಕೆಲಸಕ್ಕೆ ಹಾಕ್ತೀನಿ!"

ಸೋಮವಾರದ ಹೊತ್ತಿಗೆ ಹತ್ತು ಜುಟ್ಟುಗಳು ಖಾಲಿಯಾಗಿ ನೆಲಸಮವಾದವು. ತಿರುವಿನ ಬಳಿಯ ಹನ್ನೊಂದನೆಯದರಲ್ಲಿ ಮಾತ್ರ ನೆಲಗುಬ್ಬಿಯ ನಾಲ್ಕು ಮರಿಗಳು, ರೆಕ್ಕೆ ಇನ್ನೂ ಬಲಿತಿಲ್ಲ. ಸಾಹೇಬರ ಬೈಕು ಬಂದು ನಿಂತಿತು. ಹುಲ್ಲಕ್ಕನದು ಒಂದೇ ಚಿಂತೆ: ಉಗ್ರಾಣಕ್ಕೆ ಹೋದರೆ ಕೋಲು ಹಿಡಿದು ಮುಂದೆ ನಡೆಯುವವರು ಯಾರು? ಯಂತ್ರವನ್ನು ಸಾಹೇಬರ ಕೈಗೇ ಕೊಟ್ಟುಬಿಟ್ಟರು. "ಒಂದ್ಸಲ ಬಗ್ಗಿ ನೋಡಿ ಸಾರ್. ಆಮೇಲೆ ನೀವೇ ಕೊಯ್ರಿ."

ಸಾಹೇಬರು ಬಗ್ಗಿದರು. ನೆರಳು ಬಿದ್ದದ್ದೇ ತಡ, ನಾಲ್ಕು ಬಾಯಿಗಳು ಅಗಲವಾಗಿ ತೆರೆದವು.

"ಅಮ್ಮ ಬಂದ್ಳು ಅಂದ್ಕೊಂಡ್ವು ಸಾರ್. ಅಷ್ಟು ದೊಡ್ಡ ಮೀಸೆ ಇದ್ರೂ!"

ಸಾಹೇಬರು ನಗು ತಡೆಯಲಾರದೆ ಯಂತ್ರ ಕೆಳಗಿಟ್ಟರು. "ಇನ್ನೆಷ್ಟು ದಿನ ಬೇಕು?"

"ಒಂದು ವಾರ."

ಆರನೇ ದಿನಕ್ಕೇ ಗೂಡು ಖಾಲಿ. ಈಗ ಕೆಲಸದ ಕೊಠಡಿಯ ಗೋಡೆಯ ಮೇಲೆ ಸಾಹೇಬರ ಕೈಬರಹದ ಆದೇಶವಿದೆ: ನೀಲಿ ಬಟ್ಟೆ ಇದ್ದಲ್ಲಿ ಕೊಯ್ಯಬಾರದು. ದಿನಾ ಬೆಳಿಗ್ಗೆ ಹುಲ್ಲಕ್ಕ ಅದನ್ನೊಮ್ಮೆ ಓದಿಯೇ ಹೊರಡುತ್ತಾರೆ.

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಕೆನ್ನೆ ಕೆಂಪಾಗುತ್ತದೆ. "ನಮ್ಮೆಜಮಾನ್ರಿಗೊಂದು ಹೊಸ ನೀಲಿ ಅಂಗಿ ತಗೋಬೇಕು. ಹಳೇದ್ರಲ್ಲಿ ಒಂದೇ ತೋಳು ಉಳಿದಿದೆ. ಪಾಪ, ಬೇಗ ಬೇಗ ಹಾಕ್ಕೊಂಡು ಹಳೇದು ಮಾಡಿಕೊಡ್ತೀನಿ ಅಂದಿದಾರೆ."